ಗಾದೆಯ ಅರ್ಥವೂ ಗಾದೆಯ ಪ್ರಸ್ತಾವವೂ

ಗಾದೆಯನ್ನು ವಿಸ್ತರಿಸಿ ಬರೆಯೆಂದು ಶಾಲೆಯ ಬಾಲಕನಿಗೆ ಹೇಳಿದರೆ ಅವನ ಪ್ರಬಂಧದ ಮೊದಲನೆಯ ವಾಕ್ಯವು ಯಾವುದೆಂಬುದನ್ನು ಕಾಗದವನ್ನು ನೋಡದೆಯೇ ಊಹಿಸಬಹುದು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬುದೇ ಆ ವಾಕ್ಯವು. ಕೊಟ್ಟ ಗಾದೆಯು ಮಳೆಯ ವಿಷಯದ್ದಾಗಿರಲಿ, ಸಾಲದ ವಿಷಯದ್ದಾಗಿರಲಿ, ಅತ್ತೆ ಸೊಸೆಯರ ವಿಷಯದ್ದಾಗಿರಲಿ, ಆರಂಭವು ಇದೇ. ಆ ಬಳಿಕ ಪದಗಳ ಅರ್ಥ. ಅದರ ಹಿಂದೆಯೇ ಒಂದು ನೀತಿ. ಕಡೆಯಲ್ಲಿ ‘ಆದುದರಿಂದ ಎಲ್ಲರೂ ಹೀಗೆಯೇ ನಡೆಯತಕ್ಕದ್ದು’ ಎಂಬ ಉಪಸಂಹಾರ. ಇಂತಹ ಪ್ರಬಂಧಕ್ಕೆ ಅಂಕಗಳು ಬರುವುದುಂಟು. ಆದರೆ ಅದನ್ನು ಬರೆದ ಬಾಲಕನು ಅದೇ ಗಾದೆಯನ್ನು ಎಲ್ಲಿ, ಯಾರ ಮುಂದೆ ಆಡಬಹುದು, ಎಲ್ಲಿ ಆಡಬಾರದು ಎಂಬುದನ್ನು ಅರಿತನೆ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕಾಗುವುದು.

ಈ ದೋಷವು ಬಾಲಕನದಲ್ಲ. ಗಾದೆಗಳನ್ನು ಕೂಡಿಸಿ ಅಚ್ಚುಹಾಕಿಸಿದ ಪುಸ್ತಕಗಳಲ್ಲಿ ಹಲವು ಇದೇ ಮಾರ್ಗವನ್ನು ಹಿಡಿದಿರುವುವು. ಒಂದು ಕಡೆಯಲ್ಲಿ ಗಾದೆ, ಅದರ ಎದುರಿಗೆ ಒಂದು ಸಾಲಿನ ಅರ್ಥ. ನಿಘಂಟಿನಲ್ಲಿ ಶಬ್ದಕ್ಕೆ ಅರ್ಥವನ್ನು ಬರೆಯುವಂತೆ ಗಾದೆಗೂ ಬರೆದುಬಿಡಬಹುದೆಂಬ ನಂಬಿಕೆಯು ಇವುಗಳ ಮೂಲದಲ್ಲಿರುವುದು. ಈ ನಂಬಿಕೆಯು ಶಾಸ್ತ್ರದೃಷ್ಟಿಯಿಂದ ನಿಲ್ಲತಕ್ಕದ್ದೆ, ಲೋಕವ್ಯವಹಾರದಲ್ಲಿ ನಿಲ್ಲತಕ್ಕದ್ದೆ ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ. ಲೋಕವ್ಯವಹಾರದ ನಿದರ್ಶನಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಆಡುಮಾತು ಬೇಕಾದಷ್ಟಾಯಿತು.

ಮೊದಲು ಶಾಸ್ತ್ರದ ಮಾತು. ಬಾಲಕನು ವೇದದ ಹೆಸರನ್ನೆತ್ತಿದುದರಿಂದ ವೇದವಾಕ್ಯಗಳ ವಿಚಾರವನ್ನು ಮಾಡುವ ಪೂರ್ವಮೀಮಾಂಸೆಯನ್ನೇ ಕೇಳಬಹುದು. ಅಲ್ಲಿ ವಾಕ್ಯಗಳೆಲ್ಲವೂ ಒಂದೇ ಜಾತಿಯವಲ್ಲ. ‘ಇದನ್ನು ಮಾಡತಕ್ಕದ್ದು’ ಎಂದು ವಿಧಿಸುವ ವಾಕ್ಯವು ಬೇರೆ. ವಿಧಿಸಿದುದನ್ನು ಹೊಗಳಿಯೋ ನಿಷೇಧಿಸಿದುದನ್ನು ತೆಗಳಿಯೋ ಮನಸ್ಸನ್ನು ತಿರುಗಿಸುವ ಅರ್ಥವಾದವು ಬೇರೆ. ಅರ್ಥವಾದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ. ತನ್ನ ವಿಧಿಯೊಡನೆ ಸೇರಿದಾಗಲೇ ಅದಕ್ಕೆ ಪ್ರಯೋಜನವು. ಗಾದೆಯು ಸ್ವಭಾವದಲ್ಲಿ ಅರ್ಥವಾದದ ನೆಂಟನು. ಎದುರಿಗೆ ಒಂದು ಕೆಲಸವು ನಡೆಯುತ್ತಿರುವುದು, ಅಥವಾ ನಡೆಯಬೇಕಾಗಿರುವುದು. ಅದನ್ನು ಪ್ರೋತ್ಸಾಹಿಸಲು ಅಥವಾ ತಡೆಯಲು ಹಿರಿಯನೊಬ್ಬನು ಗಾದೆಯನ್ನು ಆಡುವನು. ಆ ಕೆಲಸವನ್ನು ತೆಗೆದುಬಿಟ್ಟು ಗಾದೆಯನ್ನು ಮಾತ್ರ ಉಳಿಸಿಕೊಂಡು, ಇದು ಸತ್ಯವೋ ಸುಳ್ಳೋ ಎಂದು ಕೇಳಿದರೆ ಪ್ರಶ್ನೆಗೇ ಅರ್ಥವಿಲ್ಲ. ‘ಗಾದೆ ಸುಳ್ಳಾಗದು’ ಎಂಬುದರ ತಾತ್ಪರ್ಯವೂ ಇಷ್ಟೇ: ತಕ್ಕ ಹೊತ್ತಿನಲ್ಲಿ ಆಡಿದ ಗಾದೆಯು ತಪ್ಪುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಆಡಿದ ಗಾದೆಯನ್ನು ಈ ಮಾತು ಕಾಪಾಡಲಾರದು.

ಅಲಂಕಾರಶಾಸ್ತ್ರವೂ ಇದನ್ನೇ ಬೇರೊಂದು ದಾರಿಯಿಂದ ಹೇಳುವುದು. ಎದುರಿಗಿಲ್ಲದುದನ್ನು ವರ್ಣಿಸಿ ಎದುರಿಗಿರುವುದನ್ನು ತೋರಿಸುವುದು ಅಪ್ರಸ್ತುತಪ್ರಶಂಸೆ. ಅಪ್ಪಯ್ಯದೀಕ್ಷಿತರ ಕುವಲಯಾನಂದದಲ್ಲಿ ಲೋಕೋಕ್ತಿಯೆಂಬುದೇ ಒಂದು ಅಲಂಕಾರವಾಗಿದೆ. ಆ ಲೋಕೋಕ್ತಿಯ ಹೊಟ್ಟೆಯಲ್ಲಿ ಮತ್ತೊಂದು ಅರ್ಥವು ಅಡಗಿದ್ದರೆ ಅದಕ್ಕೆ ಛೇಕೋಕ್ತಿಯೆಂದು ಬೇರೆ ಹೆಸರು. ಛೇಕನೆಂದರೆ ಜಾಣನು. ಗಾದೆಯನ್ನು ಬಲ್ಲವನಿಗೂ ಗಾದೆಯನ್ನು ಆಡಬಲ್ಲವನಿಗೂ ಇರುವ ಅಂತರವು ಈ ಎರಡು ಹೆಸರುಗಳಲ್ಲಿಯೇ ಸ್ಪಷ್ಟವಾಗಿರುವುದು. ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ವ್ಯಂಗ್ಯಾರ್ಥವು ಯಾವುವುಗಳ ಬಲದಿಂದ ಹೊಳೆಯುವುದೆಂಬುದನ್ನು ಎಣಿಸಿದ್ದಾನೆ. ಆಡುವವನು ಯಾರು, ಕೇಳುವವನು ಯಾರು, ದನಿಯ ಏರಿಳಿತವೇನು, ಬಳಿಯಲ್ಲಿ ಮತ್ತಾರಿರುವರು, ಪ್ರಸ್ತಾವವೇನು, ದೇಶವಾವುದು, ಕಾಲವಾವುದು ಎಂಬಿವು ಆ ಎಣಿಕೆಯಲ್ಲಿ ಸೇರಿವೆ. ಒಂದು ಸಾಲಿನ ಅರ್ಥವನ್ನು ಬರೆಯುವ ಸಂಗ್ರಾಹಕನು ಇವೆಲ್ಲವನ್ನೂ ಬಿಟ್ಟು ಶಬ್ದಾರ್ಥವನ್ನು ಮಾತ್ರ ಉಳಿಸಿಕೊಂಡಂತಾಯಿತು.

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬುದನ್ನು ನೋಡಿರಿ. ಪುಸ್ತಕದ ಅರ್ಥವು ‘ಅಧಿಕಾರವು ಶಾಶ್ವತವಲ್ಲ’ ಎಂದು. ಬೀಗದ ಕೈಯನ್ನು ಸೊಸೆಗೆ ಒಪ್ಪಿಸಿದ ಮುದುಕಿಯು ಇದನ್ನು ಆಡಿದರೆ ಅದು ನಿಟ್ಟುಸಿರು. ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವ ಸೊಸೆಗೆ ನೆರೆಮನೆಯವಳು ಆಡಿದರೆ ಅದು ಸಮಾಧಾನ. ಸೊಸೆಯೇ ಅತ್ತೆಯ ಕಿವಿಗೆ ಬೀಳುವಂತೆ ಆಡಿದರೆ ಅದು ಬೆದರಿಕೆ. ಶಬ್ದಗಳು ಮೂರು ಕಡೆಯಲ್ಲಿಯೂ ಅವೇ. ಈ ಮೂರರಲ್ಲಿ ಯಾವುದನ್ನು ‘ಅರ್ಥ’ವೆಂದು ಅಚ್ಚುಹಾಕಿಸತಕ್ಕದ್ದು?

ಆಡುವವನಂತೆಯೇ ದೇಶವೂ ಅರ್ಥವನ್ನು ನಿರ್ಣಯಿಸುವುದು. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬಲ್ಲಿ ಹಿಟ್ಟೆಂದರೆ ಬೀಸಿದ ಪುಡಿಯೆಂದು ದೂರದ ಓದುಗನು ತಿಳಿಯುವನು. ರಾಗಿಯ ಸೀಮೆಯಲ್ಲಿ ಹಿಟ್ಟೆಂದರೆ ಮುದ್ದೆಯು, ಎಂದರೆ ಊಟವೇ. ‘ಹಿಟ್ಟಾಯಿತೆ?’ ಎಂದು ಕೇಳಿದರೆ ಊಟವಾಯಿತೆ ಎಂದೇ ಅರ್ಥ. ಆದುದರಿಂದ ಗಾದೆಯ ವಕ್ರೋಕ್ತಿಯು ಹಿಟ್ಟು ಜುಟ್ಟುಗಳ ಪ್ರಾಸದಲ್ಲಿ ಮುಗಿಯುವುದಿಲ್ಲ. ಹೊತ್ತಿನ ಊಟವನ್ನು ಬಿಟ್ಟು ತಲೆಗೆ ಹೂವನ್ನು ಕೊಂಡವನ ಮೇಲೆ ಅದರ ಕಣ್ಣು. ‘ಆಡಂಬರವು ಕೂಡದು’ ಎಂದು ಬರೆದರೆ ಮಾತಿನ ನೀತಿಯು ಬಂದಿತು, ಹಸಿವು ಬರಲಿಲ್ಲ.

ಕಾಲದ ವಿಷಯವೂ ಹೀಗೆಯೇ. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಎನ್ನುತ್ತಾರೆ. ಸೂರ್ಯನು ಮಘಾನಕ್ಷತ್ರದಲ್ಲಿರುವುದು ಆಗಸ್ಟ್ ತಿಂಗಳಿನ ಉತ್ತರಾರ್ಧದಲ್ಲಿ. ಆಷಾಢ ಶ್ರಾವಣಗಳಲ್ಲಿ ಬಿತ್ತಿದ ರಾಗಿಯು ಆಗ ಎಳೆಯ ಪೈರಾಗಿ ತೆಂಡೆ ಹೊಡೆಯುವ ಹೊತ್ತು. ಆಗ ಬಿದ್ದ ನೀರೆಲ್ಲವೂ ಮೈಗೆ ಹತ್ತುವುದು, ಬೆಳೆಯುವ ಹುಡುಗನು ಉಂಡ ಅನ್ನವು ಹತ್ತುವಂತೆ. ಅದೇ ಮಳೆಯು ತೆನೆಯು ಕೊಯ್ಲಿಗೆ ಬಂದಾಗ ಬಿದ್ದರೆ ಯಾರೂ ಒಳ್ಳೆಯದೆನ್ನರು. ‘ಮಳೆಯು ಎಷ್ಟಾದರೂ ಹಿತಕರವು’ ಎಂದು ಅರ್ಥ ಬರೆದವರು ಮಘೆಯೆಂಬ ಪದವನ್ನೇ ಓದಲಿಲ್ಲವೆಂದಾಯಿತು. ಗಾದೆಯ ಎರಡನೆಯ ಅರ್ಧದಲ್ಲಿ ಬೇರೊಂದು ಗುಟ್ಟೂ ಇದೆ. ದುಡಿಯುವ ಮಗನ ಎಲೆಯ ಕಡೆಗೆ ಲೆಕ್ಕದ ದೃಷ್ಟಿಯಿಂದ ನೋಡುವ ಮನೆಯಲ್ಲಿ ಈ ಮಾತು ಮಳೆಯ ಮೇಲಿಟ್ಟು ಬಡಿಸುವವರಿಗೆ ಹೇಳಿದ ಬುದ್ಧಿಯಾಗಬಹುದು.

ನೀರಿನ ಮತ್ತೊಂದು ಗಾದೆ: ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ?’ ಉತ್ತರಪಿನಾಕಿನಿಯು ನಂದಿಯ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದುಹೋಗುವುದಾದರೂ ವರುಷವೆಲ್ಲ ಹರಿಯುವ ನದಿಯೆಂಬುದು ಈ ಸೀಮೆಗಿಲ್ಲ. ಕೆರೆ, ಕುಂಟೆ, ಸೇದುವ ಬಾವಿ ಇವೇ ಜನರ ಜೀವನವಾಗಿದ್ದುವು. ಊರಿಗೆ ಒಂದೋ ಎರಡೋ ಸಿಹಿನೀರಿನ ಬಾವಿಯಿರುವಲ್ಲಿ ಹೊಸದಾಗಿ ಬಂದ ಹೆಣ್ಣುಮಗಳು ಮನೆಯೊಳಗೆ ಎಷ್ಟು ದಿನ ಅಡಗಿದ್ದಾಳು? ಬಾವಿಯ ಕಟ್ಟೆಗೆ ಬಂದೇ ತೀರಬೇಕು. ಅಲ್ಲಿ ಎಲ್ಲರೂ ಅವಳನ್ನು ನೋಡಿಯೇ ತೀರುವರು. ಸಾಲ ತೆಗೆದುಕೊಂಡು ಮುಖ ತಪ್ಪಿಸಿಕೊಂಡು ತಿರುಗುವವನನ್ನು ಕುರಿತು ಸಾಲ ಕೊಟ್ಟವನು ಇದನ್ನಾಡಿದಾಗ ಈ ಬಾವಿಯ ಕಟ್ಟೆಯು ಕೇಳುವವನ ಕಣ್ಣಿಗೆ ಕಟ್ಟಬೇಕು. ಈಗ ಕೆರೆಗಳು ಹಲವು ಬತ್ತಿ, ಸಾವಿರ ಅಡಿಗೂ ಕೆಳಗೆ ಕೊರೆದ ಕೊಳವೆಬಾವಿಯ ನೀರು ನಲ್ಲಿಯಲ್ಲಿ ಮನೆಬಾಗಿಲಿಗೆ ಬರುತ್ತಿರುವಾಗ, ನೀರಿಗೆ ಬರುವುದೆಂದರೇನೆಂದೇ ಮಕ್ಕಳು ಅರಿಯರು. ‘ಆಗಬೇಕಾದುದು ಆಗಿಯೇ ಆಗುವುದು’ ಎಂಬ ಪುಸ್ತಕದ ಅರ್ಥವು ಅವರಿಗೆ ವಿಧಿವಾದದಂತೆ ಕೇಳುವುದು. ಗಾದೆಯಲ್ಲಿ ವಿಧಿಯಿಲ್ಲ, ಬಾಯಾರಿಕೆಯಿದೆ.

ಈ ನಾಲ್ಕು ತಾಲ್ಲೂಕುಗಳಿಗೆ ಮತ್ತೊಂದು ವಿಶೇಷವುಂಟು. ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಅಂಗಳದಲ್ಲಿ ಆಡುತ್ತ ಬಂದಿವೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರು ಎರಡು ಭಾಷೆಗಳಲ್ಲಿಯೂ ಪದಗಳನ್ನು ಕಟ್ಟಿದರು. ಇಂತಹ ಕಡೆಯಲ್ಲಿ ಒಂದು ಭಾಷೆಯ ಗಾದೆಗೆ ಮತ್ತೊಂದು ಭಾಷೆಯೇ ವ್ಯಾಖ್ಯಾನವಾಗುವುದು. ‘ಮನೆ ಗೆದ್ದು ಮಾರು ಗೆಲ್ಲು’ ಎಂಬಲ್ಲಿ ಮಾರು ಎಂದರೆ ಎರಡು ತೋಳುಗಳನ್ನು ಚಾಚಿದ ಅಳತೆಯೆಂದು ಬಾಲಕನು ತಬ್ಬಿಬ್ಬಾಗುವನು. ಪಕ್ಕದ ಮನೆಯ ತೆಲುಗಿನವರು ‘ಇಂಟ ಗೆಲಿಚಿ ರಚ್ಚ ಗೆಲುವು’ ಎನ್ನುತ್ತಾರೆ. ರಚ್ಚೆಯೆಂಬುದು ಸಂಸ್ಕೃತದ ರಥ್ಯಾಶಬ್ದದ ತದ್ಭವವು. ಹಳೆಯ ಕನ್ನಡಕ್ಕೂ ಸಲ್ಲುವುದು. ಜನರು ಕೂಡಿ ನ್ಯಾಯ ಹೇಳುವ ಬಯಲು, ಕಟ್ಟೆ ಎಂದು ಅದರ ಭಾವ. ಮನೆಯವರ ಒಪ್ಪಿಗೆಯನ್ನು ಪಡೆಯದವನು ಊರ ಕಟ್ಟೆಯ ಮೇಲೆ ನ್ಯಾಯ ಹೇಳಹೋಗಬಾರದೆಂದು ತೆಲುಗಿನ ಗಾದೆಯು ಕನ್ನಡದ ಗಾದೆಗೆ ಬೆಳಕು ಹಿಡಿಯುವುದು.

‘ದೂರದ ಬೆಟ್ಟ ನುಣ್ಣಗೆ’ ಎಂಬುದಕ್ಕೂ ತೆಲುಗಿನಲ್ಲಿ ‘ದೂರಪು ಕೊಂಡಲು ನುನುಪು’ ಎಂಬ ಜೋಡಿಯಿದೆ. ೪೮೫೧ ಅಡಿ ಎತ್ತರದ ನಂದಿಯ ಬೆಟ್ಟವನ್ನು ಚಿಕ್ಕಬಳ್ಳಾಪುರದ ಬಯಲಿನಿಂದ ದಿನವೂ ನೋಡುವವರಿಗೆ ಇದು ಉಪಮಾನವಲ್ಲ, ಕಣ್ಣಿನ ಅನುಭವವು. ದೂರಕ್ಕೆ ಒರೆಸಿ ಇಟ್ಟಂತಿರುವ ಬಂಡೆಯು ಹತ್ತಹೋದವರಿಗೆ ಬಿರುಕೂ ಮುಳ್ಳೂ ಆಗುವುದು. ದೂರದ ಊರಿನ ಸಂಬಂಧವೆಂದು ಹಿಗ್ಗುವ ಹೆಣ್ಣಿನ ತಂದೆಗೆ ಅಣ್ಣನಾದವನು ಇದನ್ನು ಹೇಳಿದರೆ ‘ಹೋಗಿ ವಿಚಾರಿಸಿಕೊಂಡು ಬಾ’ ಎಂಬ ವಿಧಿಯು ಅದರ ಹಿಂದಿರುವುದು. ಆ ವಿಧಿಯೇ ಗಾದೆಯ ಅರ್ಥ. ‘ದೂರದ ವಸ್ತುವು ಚೆನ್ನಾಗಿ ಕಾಣುವುದು’ ಎಂಬುದು ಅರ್ಥವಲ್ಲ, ಅನುವಾದ.

ಹೀಗೆಂದ ಮಾತ್ರಕ್ಕೆ ಸಂಗ್ರಾಹಕರ ಉಪಕಾರವನ್ನು ಮರೆಯಲಾಗದು. ಕ್ಯಾಪ್ಟನ್ ಕಾರ್ ಎಂಬವರು ೧೮೬೮ರಲ್ಲಿ ಮದರಾಸಿನಲ್ಲಿ ತೆಲುಗು ಗಾದೆಗಳ ದೊಡ್ಡ ಸಂಗ್ರಹವನ್ನು ಪ್ರಕಟಿಸಿ, ಸಂಸ್ಕೃತದ ಕೆಲವನ್ನೂ ಸೇರಿಸಿದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟು ಶಬ್ದಪ್ರಯೋಗಕ್ಕೆ ನಿದರ್ಶನವಾಗಿ ಗಾದೆಗಳನ್ನು ಧಾರಾಳವಾಗಿ ಉದಾಹರಿಸಿತು. ಇವರ ಶ್ರಮವಿಲ್ಲದಿದ್ದರೆ ಎಷ್ಟೋ ಮಾತುಗಳು ಇಂದು ದೊರೆಯುತ್ತಿರಲಿಲ್ಲ. ಆದರೆ ಕಾರ್ ಅವರು ತೆಲುಗಿನ ಗಾದೆಯ ಪಕ್ಕದಲ್ಲಿ ಯೂರೋಪಿನ ಸಮಾನವಾದ ಗಾದೆಯನ್ನು ನಿಲ್ಲಿಸುವ ಪದ್ಧತಿಯನ್ನು ಇಟ್ಟುಕೊಂಡರು. ಅದರಿಂದ ಓದುಗನು ತನಗೆ ಮೊದಲೇ ಗೊತ್ತಿದ್ದುದನ್ನು ಕಂಡು ತೃಪ್ತನಾಗುವ ಅಪಾಯವುಂಟು. ನಿಘಂಟಿನಲ್ಲಿ ಗಾದೆಯು ಶಬ್ದದ ಸಾಕ್ಷಿಯಾಗಿ ನಿಂತಿದೆಯಲ್ಲದೆ ಆಡಿದವರ ಮಾತಾಗಿ ನಿಂತಿಲ್ಲ.

ಸಮಾನವೆಂದು ತೋರುವ ಗಾದೆಯು ಎಷ್ಟು ಮೋಸಗೊಳಿಸಬಹುದೆಂಬುದಕ್ಕೆ ಆಫ್ರಿಕಾಖಂಡದ ಒಂದು ನಿದರ್ಶನವು ಸಾಕು. ಜಿಂಬಾಬ್ವೆಯ ಶೋನಾ ಜನರು ಗಾದೆಗೆ ‘ತ್ಸುಮೊ’ ಎನ್ನುತ್ತಾರೆ. ಹಮುತ್ಯಿನೈ, ಪ್ಲಾಂಗರ್ ಎಂಬಿಬ್ಬರು ೧೯೭೪ರಲ್ಲಿ ಅವುಗಳ ಪ್ರಸಿದ್ಧ ಸಂಗ್ರಹವನ್ನು ಹೊರತಂದರು. ‘ಒಂದು ಬೆರಳು ಹೇನನ್ನು ಕೊಲ್ಲಲಾರದು’ ಎಂಬುದು ಆ ಜನರ ಪ್ರಖ್ಯಾತವಾದ ಗಾದೆ. ಇದನ್ನೋದಿದ ಕನ್ನಡಿಗನು ‘ಒಂದು ಕೈಯಲ್ಲಿ ಚಪ್ಪಾಳೆಯಾಗದು’ ಎಂಬುದನ್ನು ಕೂಡಲೆ ಪಕ್ಕಕ್ಕೆ ತಂದಿಡುವನು. ಶಬ್ದಾರ್ಥದಲ್ಲಿ ಎರಡೂ ಒಂದೇ: ಒಬ್ಬನಿಂದ ಆಗದುದು ಇಬ್ಬರಿಂದ ಆಗುವುದು. ಪ್ರಯೋಗದಲ್ಲಿ ಮಾತ್ರ ಬಹಳ ಅಂತರವು. ಶೋನಾ ಗಾದೆಯು ಕೆಲಸಕ್ಕೆ ಕೈಗೂಡಿಸಿರೆಂದು ಕರೆಯುವುದು. ಕನ್ನಡದ ಗಾದೆಯು ಹೆಚ್ಚಾಗಿ ಕೇಳಿಬರುವುದು ಜಗಳದ ವಿಚಾರಣೆಯಲ್ಲಿ. ‘ತಪ್ಪು ಅವನದೇ’ ಎಂದು ದೂರುವವನಿಗೆ ‘ನಿನ್ನದೂ ಇದೆ’ ಎಂದು ಹಿರಿಯರು ಅದನ್ನು ಹೇಳುವರು. ಒಂದು ಕೂಡಿ ದುಡಿಯಲು, ಮತ್ತೊಂದು ತಪ್ಪನ್ನು ಹಂಚಲು. ಅರ್ಥವನ್ನು ಮಾತ್ರ ಹೋಲಿಸಿದವರಿಗೆ ಈ ವ್ಯತ್ಯಾಸವು ಎಂದಿಗೂ ಕಾಣುವುದಿಲ್ಲ.

ಗಾದೆಗಳು ಒಂದಕ್ಕೊಂದು ವಿರುದ್ಧವೆಂಬ ಆಕ್ಷೇಪಣೆಗೂ ಇಲ್ಲಿಯೇ ಉತ್ತರವಿದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಬಾಯಿಯೇ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದೂ ಹೇಳುವುದು. ಇವು ಸಿದ್ಧಾಂತಗಳಾಗಿದ್ದರೆ ಒಂದು ಸುಳ್ಳಾಗಲೇಬೇಕು. ಕಣದಲ್ಲಿ ರಾಶಿ ಹಾಕಿಕೊಂಡು ಗಾಳಿಗೆ ಕಾಯುತ್ತ, ಗಾಳಿ ಬಂದಾಗ ಹರಟೆಯಲ್ಲಿ ಕುಳಿತವನಿಗೆ ಮೊದಲನೆಯದು. ಗಾಳಿಯೇ ಇಲ್ಲದೆ ತೂರಹೊರಟವನಿಗೆ ಎರಡನೆಯದು. ವೈದ್ಯನ ಚೀಲದಲ್ಲಿ ಭೇದಿಗೂ ಮಲಬದ್ಧತೆಗೂ ಔಷಧಗಳಿರುವುದು ಚೀಲದ ದೋಷವಲ್ಲವಷ್ಟೆ.

ಇಷ್ಟಾದರೂ ಎಲ್ಲ ಗಾದೆಗಳನ್ನೂ ಪ್ರಸ್ತಾವದ ಹೆಸರಿನಲ್ಲಿ ಸಮರ್ಥಿಸಿಬಿಡಬಹುದೆಂದು ಭಾವಿಸಲಾಗದು. ವಿಮರ್ಶೆಯು ಕಠಿನವಾಗಬೇಕಾದ ಎಡೆಯು ಇದೇ. ಹೆಂಗಸರ ಬುದ್ಧಿಯು ಮೊಣಕಾಲ ಕೆಳಗೆಂದು ಹೇಳುವ ಗಾದೆಯುಂಟು. ಒಂದೊಂದು ಜಾತಿಯನ್ನೂ ಕಸುಬನ್ನೂ ಹೀನೈಸುವ ಗಾದೆಗಳು ಹಲವಿವೆ. ‘ಗಾದೆ ಸುಳ್ಳಾಗದು’ ಎಂಬ ಛತ್ರದ ನೆರಳಿನಲ್ಲಿ ಇವೂ ನಿಂತುಬಿಟ್ಟಿವೆ. ಇವುಗಳನ್ನು ಪರೀಕ್ಷಿಸಲು ಮೀಮಾಂಸಕರ ನಹಿನಿಂದಾನ್ಯಾಯವೇ ತಕ್ಕ ಒರೆಗಲ್ಲು. ನಿಂದೆಯ ಪ್ರಯೋಜನವು ನಿಂದಿಸಿದುದನ್ನು ನಿಂದಿಸುವುದಲ್ಲ, ಬೇರೊಂದನ್ನು ಹೊಗಳಿ ಅದರಲ್ಲಿ ತೊಡಗಿಸುವುದು ಎಂದು ಆ ನ್ಯಾಯದ ಸಾರ. ಆತುರಗಾರನನ್ನು ನಿಂದಿಸಿದ ಗಾದೆಯು ತಾಳ್ಮೆಯಲ್ಲಿ ತೊಡಗಿಸುವುದು. ಆತುರಗಾರನು ಆತುರವನ್ನು ಬಿಡಬಲ್ಲನು. ಹೆಣ್ಣಾಗಿ ಹುಟ್ಟಿದುದನ್ನೇ ನಿಂದಿಸಿದ ಗಾದೆಯು ಯಾರನ್ನು ಯಾವ ಒಳ್ಳೆಯ ಕೆಲಸದಲ್ಲಿ ತೊಡಗಿಸುವುದು? ಅದರ ಹಿಂದೆ ವಿಧಿಯಿಲ್ಲ. ಬಾಯಿ ಮುಚ್ಚಿಸುವ ಉದ್ದೇಶವೊಂದೇ ಇದೆ. ಲೋಕಾನುಭವವೂ ಅದಕ್ಕೆ ವಿರೋಧವೇ. ಶಿಡ್ಲಘಟ್ಟದ ಕಡೆಯ ಹುಳುಮನೆಗಳಲ್ಲಿ ಹುಳುವಿಗೆ ಸೊಪ್ಪು ಕೊಡುವುದನ್ನೂ, ಅದು ಜ್ವರಕ್ಕೆ ಕುಳಿತುದನ್ನೂ ಎದ್ದುದನ್ನೂ ನೋಡಿಕೊಳ್ಳುವುದನ್ನೂ, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದನ್ನೂ ಬಹುಪಾಲು ಹೆಂಗಸರೇ ಮಾಡುತ್ತಾರೆ. ಒಂದು ಗಳಿಗೆಯ ತಪ್ಪಿಗೆ ಒಂದು ಬೆಳೆಯೇ ಹೋಗುವ ಕಸುಬು ಅದು. ಅವರ ಬುದ್ಧಿಯಿಂದ ನಡೆಯುವ ಮನೆಯಲ್ಲಿ ಕುಳಿತು ಆ ಗಾದೆಯನ್ನಾಡಿದರೆ ಸುಳ್ಳಾಗುವುದು ಗಾದೆಯೇ. ಸಂಗ್ರಹಕಾರರು ಇಂತಹವನ್ನು ಮರೆಮಾಡಬೇಕೆಂದಿಲ್ಲ. ಆದರೆ ‘ಹಿರಿಯರ ಅನುಭವಾಮೃತ’ವೆಂಬ ತಲೆಬರಹದ ಕೆಳಗೆ ಅಚ್ಚುಹಾಕಿಸುವುದು ಅನ್ಯಾಯವು.

ಪ್ರಸ್ತಾವವು ದೊರೆತರೆ ಹಳೆಯ ಗಾದೆಯು ಹೊಸ ಕಸುಬಿನಲ್ಲಿಯೂ ಬದುಕುವುದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬುದನ್ನು ಆಡಲು ಎದುರಿಗೆ ತಿಗುರಿಯೇ ತಿರುಗುತ್ತಿರಬೇಕೆಂದಿಲ್ಲ. ಹೆಚ್ಚುಕಡಮೆ ತಿಂಗಳ ಕಾಲ ನಾಲ್ಕು ಜ್ವರಗಳನ್ನು ದಾಟಿಸಿ ಸಾಕಿದ ಹುಳುವು ಗೂಡುಕಟ್ಟುವ ಹೊತ್ತಿಗೆ ರೋಗಬಿದ್ದು ಹೋದಾಗ ರೈತನಿಗೆ ಇದಕ್ಕಿಂತ ತಕ್ಕ ಮಾತು ಬೇರೆ ಯಾವುದು? ರಾಗಿಯ ತೆನೆಯನ್ನು ಹೆದ್ದಾರಿಯ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕಿಸಿಕೊಳ್ಳುವವರೂ ತೂರುವುದಕ್ಕೆ ಗಾಳಿಯನ್ನು ನೋಡುವರು. ಗಾದೆಯನ್ನು ಉಳಿಸುವುದೆಂದರೆ ಹಳೆಯ ಸಾಮಾನನ್ನು ಪೆಟ್ಟಿಗೆಯಲ್ಲಿಡುವುದಲ್ಲ, ಆಡುವ ಬಾಯಿಯನ್ನು ಉಳಿಸುವುದು.

ಆದುದರಿಂದ ಜಿಲ್ಲೆಯ ಗಾದೆಗಳನ್ನು ಕೂಡಿಸಬೇಕೆನ್ನುವವರು ಮಮ್ಮಟನ ಎಣಿಕೆಯನ್ನು ಮುಂದಿಟ್ಟುಕೊಂಡು ಹೊರಡುವುದು ಲೇಸು. ಗಾದೆಯ ಕೆಳಗೆ ‘ಅರ್ಥ’ವೆಂಬ ಒಂದು ಸಾಲಿಗೆ ಬದಲಾಗಿ, ಆಡಿದವರು ಯಾವ ವಯಸ್ಸಿನವರು, ಯಾವ ಕಸುಬಿನವರು, ಯಾರಿಗೆ ಆಡಿದರು, ನಗುತ್ತಲೋ ಗದರಿಸುತ್ತಲೋ, ಯಾವ ಊರಿನಲ್ಲಿ, ಯಾವ ಕೆಲಸದ ನಡುವೆ, ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಎಂಬಿಷ್ಟನ್ನು ಬರೆದಿಡಲಿ. ಸಾವಿರ ಗಾದೆಗಳ ಬದಲು ನೂರು ಬಂದರೂ ನಷ್ಟವಿಲ್ಲ. ಶಾಲೆಯಲ್ಲಿಯೂ ‘ಈ ಗಾದೆಯನ್ನು ವಿಸ್ತರಿಸಿರಿ’ ಎಂಬ ಪ್ರಶ್ನೆಯನ್ನು ಬಿಟ್ಟು, ‘ನಿಮ್ಮ ಮನೆಯಲ್ಲಿ ಈ ಗಾದೆಯನ್ನು ಯಾರು, ಯಾವಾಗ, ಯಾರಿಗೆ ಹೇಳಿದರು ಎಂಬುದನ್ನು ಕೇಳಿಕೊಂಡು ಬಂದು ಬರೆಯಿರಿ’ ಎಂದರೆ ಸಾಕು. ಕಂಠಪಾಠದ ಮೊದಲನೆಯ ವಾಕ್ಯವು ತಾನಾಗಿಯೇ ಉದುರಿಹೋಗುವುದು. ಬಾಲಕನು ಪುಸ್ತಕವನ್ನು ಮುಚ್ಚಿ ಅಜ್ಜಿಯ ಬಳಿಗೆ ಹೋಗಬೇಕಾಗುವುದು. ಅಜ್ಜಿಯರಿಗೆ ವಯಸ್ಸಾಗುತ್ತಿರುವುದರಿಂದ ಈ ಕೆಲಸವನ್ನು ಬರುವ ವರುಷಕ್ಕೆಂದು ಇಟ್ಟುಕೊಳ್ಳತಕ್ಕದ್ದಲ್ಲ.